ಕಕ್ಕೇರಾಕ್ಕೆ ಹೋಗಿ ಬಂದ ವಹಿ

ಒಣಗಿದ ಬೇವಿನ ಎಲೆಯ ಕಹಿ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ತಾನಾಗಿ ಪುಸ್ತಕ ಹುಡುಕುತ್ತದೆ. ನೀವೂ ಅಂಥದೊಂದು ವಾಸನೆ ಬಲ್ಲಿರಿ. ಸುರಪುರದ ನಮ್ಮ ಓಣಿಯ ವಾಚನಾಲಯದಲ್ಲಿ ಸರಕಾರದ ಪುಸ್ತಕ ಕಡಿಮೆ, ಮಂದಿಯ ಮನೆಯ ಪುಸ್ತಕವೇ ಹೆಚ್ಚು. ನಿಮ್ಮದನ್ನು ತಂದಿಡಿ, ಇನ್ನೊಬ್ಬರದನ್ನು ಒಯ್ಯಿರಿ ಎಂದು ವಾಚನಾಲಯ ನೋಡಿಕೊಳ್ಳುತ್ತಿದ್ದ ಚಂದಪ್ಪ ಕಾಕಾ ಅದಕ್ಕಾಗಿ ಒಂದು ಕಪಾಟನ್ನೇ ಬಿಟ್ಟುಕೊಟ್ಟಿದ್ದ. ಪ್ರತಿ ಮನೆಯ ಪುಸ್ತಕಕ್ಕೂ ಆ ಮನೆಯ ಹಳೆಯ ಸೀರೆಯ ತುಂಡೇ ಹೊದಿಕೆ. ನಮ್ಮ ದೊಡ್ಡವ್ವನದು ಹಸಿರು ಇಳಕಲ್ ಸೀರೆಯದು. ಕಾಲುವೆಗೆ ನೀರು ಬಂದ ಮೇಲೆ ಗೋಡೆಗಳೆಲ್ಲ ತಂಪು ಹಿಡಿದು ಪುಸ್ತಕಕ್ಕೆ ಹುಳ ಬೀಳತೊಡಗಿದ್ದವು. ಅದಕ್ಕೇ ಓದಿದವರು ತಮಗೆ ಹಿಡಿಸಿದ ಪುಟದಲ್ಲಿ ಒಂದು ಬೇವಿನ ಎಲೆಯಿಟ್ಟು ಮರಳಿಸಬೇಕು.

ಹೊಸ್ತಿಲು ದಾಟದ ದೊಡ್ಡವ್ವನಿಗೆ ಹೀಗೊಬ್ಬ ಗೆಳತಿ ಸಿಕ್ಕಿದ್ದಳು, ಕಕ್ಕೇರಾದ ಶಾಂತಮ್ಮ. ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ; ವಾಚನಾಲಯದ ಪಟ್ಟಿಯಲ್ಲಿದ್ದ ಹೆಸರಷ್ಟೇ ಗೊತ್ತು. ಕಾಲುವೆಯ ನೀರು ಬಿಡುವ ಕೆಲಸದಲ್ಲಿದ್ದ ಆಕೆಯ ಗಂಡ ಹದಿನೈದು ದಿನಕ್ಕೊಮ್ಮೆ ಬಂದು ಹಸಿರು ಹೊದಿಕೆಯದನ್ನೇ ಕೇಳಿ ಒಯ್ಯುತ್ತಿದ್ದ. ಮರಳಿದ ಪುಸ್ತಕ ಬಿಚ್ಚಿ ದೊಡ್ಡವ್ವ ಮೊದಲು ಎಲೆ ಹುಡುಕುವಳು. "ನೋಡ ನೋಡ, ರಾಣಿ ಅಳೂ ಕಡೆನ ಇಟ್ಟಾಳ ಹುಚ್ಚಿ! ನಾನೂ ಅಲ್ಲೇ ಅತ್ತಿದ್ದೆ," ಎಂದು ನಗುವಳು.

ತಪ್ಪು ನನ್ನಿಂದಾಯಿತು. ಗೋಡೆಯೊಳಗಿನ ಗೂಡಿನಲ್ಲಿ, ನಮ್ಮ ಮಾಡದಲ್ಲಿ, ಎರಡು ಹಸಿರು ಗಂಟುಗಳಿದ್ದವು. ನಾನು ಒಯ್ದು ಕೊಟ್ಟದ್ದು ನೀಲಾ ಹಾಡು ಬರೆದಿಡುತ್ತಿದ್ದ ವಹಿ. ನೀಲಾ ದೊಡ್ಡವ್ವನ ಒಬ್ಬಳೇ ಮಗಳು, ಹನ್ನೆರಡಕ್ಕೇ ಜ್ವರಕ್ಕೆ ಹೋದವಳು. ಆಕೆಯ ಅಕ್ಷರವೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ನಮಗೆ ಗೊತ್ತಾಗುವಷ್ಟರಲ್ಲಿ ಕಕ್ಕೇರಾದ ಬಸ್ಸು ಹೋಗಿಯಾಗಿತ್ತು. ದೊಡ್ಡವ್ವ ಬಯ್ಯಲಿಲ್ಲ. ಮಾಡದಲ್ಲಿ ವಹಿ ಇದ್ದ ಜಾಗದ ಎದುರು ಕೂತಳು. ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ.

ಗಡುವಿನ ದಿನ ತಾನೇ ತಲೆಮೇಲೆ ಸೆರಗು ಹೊದ್ದು, ನನ್ನ ಕೈ ಹಿಡಿದು ವಾಚನಾಲಯಕ್ಕೆ ನಡೆದಳು. ಶಾಂತಮ್ಮನ ಗಂಡ ಆಗಲೇ ಬಂದು ನಿಂತಿದ್ದ. ಆತ ಕೊಟ್ಟ ವಹಿಯನ್ನು ದೊಡ್ಡವ್ವ ಎದೆಗವಚಿಕೊಂಡು, "ಶಾಂತಮ್ಮಗ ಹೇಳ್ರಿ ಯಪ್ಪಾ, ಒಮ್ಮೆ ನಮ್ಮನಿಗಿ ಬಾ ಅಂದೀನಂತ," ಎಂದಳು.

ಆತ ತಲೆ ತಗ್ಗಿಸಿದ. "ಆಕಿ ಹೋಗಿ ಎರಡ ವರ್ಸ ಆತ್ರೀ ಯವ್ವಾ. ನನಗ ಓದಾಕ ಬರಂಗಿಲ್ಲ. ಒಯ್ದು ಆಕಿ ಕೂಡ್ತಿದ್ದ ಕಿಡಕ್ಯಾಗ ಇಡ್ತೀನಿ, ಹದಿನೈದ ದಿನಕ್ಕ ತರ್ತೀನಿ. ಅಷ್ಟ."

"ಮತ್ತ ಒಳಗಿನ ಎಲಿ ಯಾರ ಇಡ್ತಿದ್ರು?" ಎಂದ ಚಂದಪ್ಪ ಕಾಕಾ.

"ಅದು ಇವರು ಕಳ್ಸೂವಾಗನ ಇಟ್ಟಿರ್ತಾರಂತ ನಾ ತಿಳಿದಿದ್ದೆ."

ಪತ್ರಿಕೆ ಓದುತ್ತಿದ್ದವರು ಪುಟ ತಿರುವುವುದನ್ನು ನಿಲ್ಲಿಸಿದರು. ದೊಡ್ಡವ್ವ ವಹಿ ಬಿಚ್ಚಿದಳು. ನೀಲಾ ಬರೆದದ್ದು ಅರ್ಧಕ್ಕೇ ನಿಂತಿತ್ತು. ಎಲೆ ಇದ್ದದ್ದು ಅದರಾಚೆ, ಮೂರು ಖಾಲಿ ಹಾಳೆ ದಾಟಿ. ಆ ಬಿಳಿ ಹಾಳೆಯನ್ನು ದೊಡ್ಡವ್ವ ಸಾಲಿನಿಂದ ಸಾಲಿಗೆ ಕಣ್ಣಾಡಿಸುತ್ತ ಬಹಳ ಹೊತ್ತು ನೋಡಿದಳು. ಆಮೇಲೆ ಹೊದಿಕೆ ಸುತ್ತಿ ಆತನ ಕೈಗೇ ಮರಳಿ ಇಟ್ಟಳು.

"ಒಯ್ರಿ. ಆಕಿದು ಓದೂದು ಮುಗದಿಲ್ಲ."

ಆ ಸಂಜೆ ಆಕೆ ಹೊಟ್ಟೆ ತುಂಬ ಉಂಡಳು.

ಈಗ ದೊಡ್ಡವ್ವನಿಲ್ಲ, ಚಂದಪ್ಪ ಕಾಕಾ ಇಲ್ಲ; ವಾಚನಾಲಯವಿದ್ದಲ್ಲಿ ಸಿಮೆಂಟು ಮಾರುತ್ತಾರೆ. ವಹಿ ನನ್ನ ಬಳಿ ಇದೆ. ಹೋಗಿ ಬಂದಾಗಲೆಲ್ಲ ಎಲೆ ಕೆಲವು ಖಾಲಿ ಹಾಳೆ ಮುಂದೆ ಸರಿದಿರುತ್ತಿತ್ತು; ಆತ ಕೊನೆಯ ಸಲ ತಂದುಕೊಟ್ಟಾಗ ಅದರ ಮುಂದೆ ಎರಡೇ ಹಾಳೆ ಉಳಿದಿದ್ದವು. ಆ ಎಲೆಯನ್ನು ನಾನು ಕದಲಿಸಿಲ್ಲ. ಕೆಲವು ಮಧ್ಯಾಹ್ನ ಹಸಿರು ತುಂಡು ಬಿಚ್ಚಿ, ವಹಿಯನ್ನು ಕಿಡಕಿಯಲ್ಲಿಟ್ಟು, ಬಾಗಿಲು ಎಳೆದುಕೊಂಡು ಬೇರೆ ಕೋಣೆಗೆ ಹೋಗಿ ಕೂಡುತ್ತೇನೆ.