ಸಾಂತಾಕ್ರೂಜಿನ ಅಮೆರಿಕನ್ನನೂ ಸಂಜೀವನ ಕಾಲೂ

ಹೋದ ವರ್ಷ, ೧೯೫೫ರ ಡಿಸೆಂಬರಿನಲ್ಲಿ, ನಮ್ಮ ಸಾಂತಾಕ್ರೂಜ್ ಸ್ಟೇಷನ್ನಿನ ಎದುರಿನ ಉಡುಪಿ ಹೊಟೇಲಿನಲ್ಲಿ ಒಬ್ಬ ಅಮೆರಿಕನ್ನನಿಗೆ ಕಾಫಿ ಸಿಗಲಿಲ್ಲ.

ಕಾಫಿಪುಡಿ ಮುಗಿದಿರಲಿಲ್ಲ. ಹಾಲು ಒಡೆದಿರಲಿಲ್ಲ. ಪಕ್ಕದ ಮೇಜಿನಲ್ಲಿ ನನ್ನ ಮುಂದೆಯೇ ಎರಡು ಲೋಟ ಹಬೆಯಾಡುತ್ತಿದ್ದವು (ಎರಡೂ ನನ್ನವೇ, ಒಂದೇ ಲೋಟದಲ್ಲಿ ಚರ್ಚ್‌ಗೇಟಿನ ಆಫೀಸಿನ ತನಕ ಲೋಕಲಿನಲ್ಲಿ ನಿಂತು ಹೋಗುವ ತ್ರಾಣ ಬರುವುದಿಲ್ಲ). ಗಲ್ಲೆಯ ಮೇಲೆ ಕೂತಿದ್ದ ಸಂಜೀವ ಅಡುಗೆಮನೆಯ ಕಡೆ ತಿರುಗಿ, "ಆ ಮೂಲೆಯ ಟೇಬಲಿಗೆ ಇವತ್ತು ಕಾಫಿ ಇಲ್ಲ," ಎಂದು ಕೂಗಿದ. ಆಮೇಲೆ ಅಮೆರಿಕನ್ನನಿಗೇ ನೇರವಾಗಿ, ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ: "ನೋ ಕಾಫಿ. ಗೋ ಟು ಲಿಸ್ಬನ್."

ಹೊಟೇಲೆಲ್ಲ ಲೋಟ ಕೆಳಗಿಟ್ಟು ತಿರುಗಿ ನೋಡಿತು. ಯಾಕೆಂದರೆ ಇವರಿಬ್ಬರೂ ಸ್ನೇಹಿತರು ಎಂದು ನಮಗೆಲ್ಲ ಗೊತ್ತಿತ್ತು.

ಅಮೆರಿಕನ್ನನ ಹೆಸರು ಹ್ಯಾರಿಸ್. ವಿಮಾನ ಕಂಪನಿಯೊಂದರ ಮೆಕ್ಯಾನಿಕ್. ನಮ್ಮ ಬಿಲ್ಡಿಂಗಿನ ಹಿಂದಿನ ಬಂಗಲೆಯಲ್ಲಿ ಎರಡು ವರ್ಷದಿಂದ ಇದ್ದಾನೆ. ಆಳು ಬಾಗಿಲಿನಷ್ಟು ಅಗಲ. ಮಸಾಲೆ ದೋಸೆಯನ್ನು ಕೈಯಲ್ಲೇ ಮುರಿದು, ಸಾಂಬಾರನ್ನು ಮಣಿಕಟ್ಟಿನ ತನಕ ಇಳಿಸಿಕೊಂಡು ತಿನ್ನುತ್ತಾನೆ. 'ಸಾಹೇಬ' ಎಂದರೆ ಮುಖ ಕಿವುಚುತ್ತಾನೆ. ನನ್ನ ಹೆಂಡತಿ ಪದ್ಮಾ ಅವನಿಗೆ ಇಟ್ಟ ಹೆಸರು 'ನಮ್ಮ ಹ್ಯಾರಿಸಪ್ಪ'.

ಸಂಜೀವ ಉಡುಪಿಯ ಕಡೆಯವನು. ಇದೇ ಹೊಟೇಲಿನಲ್ಲಿ ಟೇಬಲು ಒರೆಸುತ್ತ ಸೇರಿ ಗಲ್ಲೆಗೆ ಬಂದವನು. ಕಳೆದ ಆಗಸ್ಟಿನಲ್ಲಿ ಗೋವೆಯ ಸತ್ಯಾಗ್ರಹಕ್ಕೆ ಹೊರಟ ಒಂದು ತಂಡದೊಡನೆ ಹೊರಟುಬಿಟ್ಟ. "ಗೋವೆಯಲ್ಲಿ ನಿನ್ನದೇನಿದೆಯೋ?" ಎಂದು ಯಜಮಾನರು ಕೇಳಿದರಂತೆ. "ನನ್ನದು ಎಂಥದೂ ಇಲ್ಲ. ಅಲ್ಲಿಯವರದ್ದೂ ಅಲ್ಲಿ ಎಂಥದೂ ಇಲ್ಲವಲ್ಲ, ಅದಕ್ಕೇ ಹೋಗುವುದು," ಎಂದನಂತೆ.

ಬರಿಗೈಯಲ್ಲಿ ಗಡಿ ದಾಟಿದವರ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಒಂದು ಸಂಜೀವನ ಎಡತೊಡೆಗೆ ಬಿತ್ತು.

ಅವನನ್ನು ಮುಂಬಯಿಗೆ ತಂದ ದಿನ ಸ್ಟೇಷನ್ನಿನಲ್ಲಿ ಹಾರಗಳೇ ಹಾರಗಳು. ನಮ್ಮ ಕಡೆಯ ಮುಂದಾಳು ಇನಾಮದಾರರು (ಧಾರವಾಡದವರು, ಆಳುವ ಪಕ್ಷದ ಟೋಪಿ, ಆಳುವ ಪಕ್ಷದ ಕಾರು) ಸ್ಟ್ರೆಚರಿನ ಪಕ್ಕದಲ್ಲೇ ನಿಂತು ಭಾಷಣ ಮಾಡಿದರು. "ನಿರಾಯುಧ ಮಂದಿ ಮ್ಯಾಲೆ ಗುಂಡು ಹಾರಸೋ ಸರಕಾರಕ್ಕ ಆಳೋ ಹಕ್ಕಿಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಬೇಕಾದ ಮಾತೇ ಅದು.

ಪರೇಲಿನ ಆಸ್ಪತ್ರೆಗೆ ಭಾನುವಾರ ಭಾನುವಾರ ತಪ್ಪದೆ ಹೋದವನು ಮಾತ್ರ ಹ್ಯಾರಿಸ್. ಮೋಸಂಬಿ ಸುಲಿದುಕೊಡುತ್ತ ತನ್ನ ದೇಶದ ಕತೆ ಹೇಳುತ್ತಿದ್ದ. "ಸಮುದ್ರದಾಚೆಯ ರಾಜನೊಬ್ಬ ನಮ್ಮನ್ನೂ ಆಳುತ್ತಿದ್ದ. ನಾವು ಅವನನ್ನು ಓಡಿಸಿದೆವು. ನೀನು ಮಾಡಿದ್ದೂ ಅದನ್ನೇ, ಅದೂ ಬಂದೂಕಿಲ್ಲದೆ." ಸಂಜೀವ ಹಿಗ್ಗಿ ಹೀರೇಕಾಯಿ. ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಅಮೆರಿಕಾದವರು ನಮ್ಮ ಕಡೆ ಉಂಟು ಮಾರಾಯ್ರೇ. ಸ್ವತಂತ್ರ ಜಗತ್ತಿಗೇ ನಾಯಕರಲ್ಲವಾ? ಇನ್ನು ಗೋವೆ ಸ್ವತಂತ್ರ ಆದ ಹಾಗೇ ಲೆಕ್ಕ."

ಕೋಲೂರಿಕೊಂಡು ಅವನು ಗಲ್ಲೆಗೆ ಮರಳಿದ ಕೆಲವೇ ದಿನಕ್ಕೆ ಪೇಪರಿನಲ್ಲಿ ಸುದ್ದಿ ಬಂತು. ಅಮೆರಿಕದ ವಿದೇಶ ಮಂತ್ರಿ ಪೋರ್ಚುಗಲ್ಲಿನ ಮಂತ್ರಿಯ ಜೊತೆ ಸೇರಿ ಹೇಳಿಕೆ ಕೊಟ್ಟಿದ್ದಾರೆ. ಗೋವೆ ಪೋರ್ಚುಗಲ್ಲಿನ ವಸಾಹತು ಅಲ್ಲವಂತೆ. ಅದರದೊಂದು ಪ್ರಾಂತವಂತೆ!

ಆ ಬೆಳಿಗ್ಗೆಯೇ ಕಾಫಿ ನಿಂತದ್ದು, ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಗೆ ಹೋಗು ಎಂದದ್ದು.

"ನೋಡು, ನಾನು ಇಂಜಿನ್ ರಿಪೇರಿ ಮಾಡುವವನು," ಎಂದ ಹ್ಯಾರಿಸ್. "ಆ ಮಾತು ಹೇಳಿದವರು ಅವರು. ನಾನಲ್ಲ."

ಸಂಜೀವ ನನ್ನ ಕಡೆ ತಿರುಗಿದ. "ನೀವು ಸರಿಯಾಗಿ ಇಂಗ್ಲಿಷಿನಲ್ಲಿ ಕೇಳಿ ಇವರನ್ನು. ರಾಜನನ್ನು ಓಡಿಸಿದ ಕತೆ ಹೇಳುವಾಗ 'ನಾವು' ಎಂದರು. ಆಗ ಇವರು ಹುಟ್ಟಿಯೂ ಇರಲಿಲ್ಲ. ಈಗ 'ಅವರು' ಎನ್ನುತ್ತಾರೆ. ಅದು ಹೇಗೆ?"

ಕೇಳಿದೆ. ಹ್ಯಾರಿಸ್ ಟೋಪಿ ಎತ್ತಿಕೊಂಡು ಹೊರಟುಹೋದ. ನನ್ನ ಎರಡನೆಯ ಲೋಟ ಅಲ್ಲೇ ಆರಿತು.

ಕೀರ್ತಿಗೆ ನಾವು, ಅಪಕೀರ್ತಿಗೆ ಅವರು. ಇದು ಅಮೆರಿಕದವರಿಗೆ ಮಾತ್ರ ಇರುವ ವ್ಯಾಕರಣವೇ? ಆವತ್ತು ಹಾಗೆಂದೇ ತಿಳಿದು, ತುಸು ಜಂಬದಿಂದಲೇ ಲೋಕಲ್ ಹತ್ತಿದ್ದೆ. ಜನವರಿ ಬಂತು.

ಜನವರಿಯಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕೆ? ಮುಂಬಯಿ ಮರಾಠಿ ರಾಜ್ಯಕ್ಕೆ ಸೇರಬೇಕೋ ಬೇಡವೋ ಎಂಬ ಜಗಳ ಬೀದಿಗಿಳಿಯಿತು. ಕಲ್ಲು, ಬೆಂಕಿ, ಲಾಠಿ. ಆಮೇಲೆ ಪೊಲೀಸರ ಗುಂಡು. ಕರ್ಫ್ಯೂ. ಲೋಕಲ್ ನಿಂತಿತು. ಹೊಟೇಲುಗಳು ಬಾಗಿಲು ಎಳೆದುಕೊಂಡವು. ಕನ್ನಡದವರು ನಾವು ಕಿಟಕಿ ಹಾಕಿಕೊಂಡು ಪಿಸುಮಾತಿನಲ್ಲಿ ಕನ್ನಡ ಆಡಿದೆವು. ಪರೇಲಿನ ಮಿಲ್ಲು ಚಾಳುಗಳ ಕಡೆಯಿಂದ ದಿನಕ್ಕೊಂದು ಸುದ್ದಿ: ಇಷ್ಟು ಜನ ಸತ್ತರಂತೆ, ಅಷ್ಟು ಜನ ಸತ್ತರಂತೆ.

ಅದರ ನಡುವೆ ಸಂಜೀವನ ಕಾಲು ಊದಿಕೊಂಡಿತು. ಮಾಯ್ದ ಗಾಯ ಒಡೆದು ಕೀವು ಸುರಿಯತೊಡಗಿತು. ಮೈ ಕೆಂಡ. ನಮ್ಮ ಬೀದಿಯ ಡಾಕ್ಟರು ನೋಡಿ, "ಮೂಳೆಯ ಹತ್ತಿರ ಗುಂಡಿನ ಚೂರು ಉಳಿದಿದೆ. ಇವತ್ತೇ ಪರೇಲಿಗೆ ಒಯ್ಯಿರಿ. ನಾಳೆಯಾದರೆ ಕಾಲು ಉಳಿಯುವ ಮಾತು ಹೇಳಲಾರೆ," ಎಂದರು.

ನಾನು ಓಡಿದ್ದು ಇನಾಮದಾರರ ಮನೆಗೆ. ಕಾರು ಅಂಗಳದಲ್ಲೇ ನಿಂತಿತ್ತು.

"ಕಾರ್ ಕೊಡಾಕ ನನಗೇನೂ ಅಡ್ಡಿಯಿಲ್ರೀ," ಎಂದರು. "ಆದ್ರ ಎಲ್ಲಾರಿಗೂ ನನ್ನ ಕಾರಿನ ಗುರ್ತದ. ಪರೇಲಿನಾಗ ಕಲ್ಲು ಬಿದ್ರ?"

"ಅವನ ಕಾಲು ಹೋಗುತ್ತದೆ ಸಾರ್."

"ತಿಳೀತು. ಮಂದಿ ಶಾಂತಿಯಿಂದ ಇದ್ದಿದ್ರ ಈ ಕರ್ಫ್ಯೂ ಯಾಕ ಬರ್ತಿತ್ತು?"

ನನಗೆ ತಡೆಯಲಾಗಲಿಲ್ಲ. "ಆಗಸ್ಟಿನಲ್ಲಿ ತಾವು ಹೇಳಿದ್ದಿರಿ, ನಿರಾಯುಧರ ಮೇಲೆ ಗುಂಡು ಹಾರಿಸುವ ಸರಕಾರಕ್ಕೆ..."

"ಅದು ಬ್ಯಾರೆ!" ಇನಾಮದಾರರು ಕುರ್ಚಿಯಿಂದ ಎದ್ದರು. "ಅಲ್ಲಿ ಪೋರ್ಚುಗೀಸರು ಹಾರಿಸಿದ್ದು ಗುಂಡು. ಇಲ್ಲಿ ನಮ್ಮವರು ಮಾಡಿದ್ದು ಲಾ ಅಂಡ್ ಆರ್ಡರ್."

ಅಂಗಳದ ಕಾರಿನ ಪಕ್ಕದಲ್ಲೇ ನಡೆದು ಹೊರಗೆ ಬಂದೆ.

ಮನೆಗೆ ಬಂದರೆ ಪದ್ಮಾ, "ಹ್ಯಾರಿಸಪ್ಪನ ಹತ್ತಿರ ಕೇಳಿದಿರಾ?" ಎಂದಳು. ಯಾವ ಮುಖ ಇಟ್ಟುಕೊಂಡು ಕೇಳಲಿ? "ಇರೋ ಮುಖ ಇಟ್ಟುಕೊಂಡು," ಎಂದಳು.

ಹ್ಯಾರಿಸ್ ಕ್ಷೌರ ಮಾಡಿಕೊಳ್ಳುತ್ತಿದ್ದ. ವಿಷಯ ಪೂರ್ತಿ ಕೇಳಲೂ ಇಲ್ಲ. ಒಂದು ಕೆನ್ನೆಯ ಸೋಪನ್ನು ಟವೆಲ್ಲಿನಿಂದ ಒರೆಸಿ ಕಾರಿನ ಕೀಲಿ ಎತ್ತಿಕೊಂಡ.

ತಕರಾರು ಬಂದದ್ದು ಸಂಜೀವನಿಂದ. ಜ್ವರದಲ್ಲಿ ಕಣ್ಣು ಬಿಡಲಾಗದಿದ್ದರೂ, "ಆ ಕಾರಿನಲ್ಲಿ ನಾನು ಬರುವುದಿಲ್ಲ," ಎಂದ. ಪದ್ಮಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹಟ ಮಾಡು. ಕಾಲು ಹೋದ ಮೇಲೆ ಮುಂದಿನ ಸತ್ಯಾಗ್ರಹಕ್ಕೆ ಯಾವ ಕಾಲಿನಲ್ಲಿ ಹೋಗ್ತೀಯ, ಅದನ್ನ ಮೊದಲು ಹೇಳು." ಕಾಲು ಚಾಚಲು ಜಾಗ ಬೇಕೆಂದು ಅವನನ್ನು ಮುಂದಿನ ಸೀಟಿನಲ್ಲಿ, ಹ್ಯಾರಿಸನ ಪಕ್ಕದಲ್ಲಿ ಕೂರಿಸಿದೆವು. ನಾನು ಹಿಂದೆ.

ದಾದರಿನ ಹತ್ತಿರ ರಸ್ತೆಗೆ ಅಡ್ಡ ಕಟ್ಟಿದ್ದರು. ನಮ್ಮ ಮುಂದಿದ್ದ ವಿಕ್ಟೋರಿಯಾ ಕುದುರೆಗಾಡಿಯನ್ನು ಹಿಂದಕ್ಕೆ ಅಟ್ಟಿದರು. ಒಬ್ಬ ಹವಾಲ್ದಾರ ಲಾಠಿಯಿಂದ ನಮ್ಮ ಬಾನೆಟ್ಟಿಗೂ ಬಡಿದು, "ಗಾಡೀ ಪೀಛೇ ಲೋ!" ಎಂದು ಗದರಿದ. ಆಮೇಲೆ ಬಗ್ಗಿ ಒಳಗೆ ನೋಡಿದ.

ಹ್ಯಾರಿಸನ ಬಿಳಿ ಮುಖ ಕಂಡಿತು. ಲಾಠಿ ಕಂಕುಳಿಗೆ ಹೋಯಿತು. ಹಿಮ್ಮಡಿ ಕೂಡಿದವು. ಸಲಾಮು! "ಜಾಯಿಯೇ ಸಾಬ್."

ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದು ಎಷ್ಟು ವರ್ಷವಾಯಿತು ಎಂದು ನಾನು ಕೇಳುವುದಿಲ್ಲ. ನೀವೇ ಕೇಳಿಕೊಳ್ಳಿ.

ಕಾರು ಹೊರಡುವಷ್ಟರಲ್ಲಿ ಸಂಜೀವ ತನ್ನ ಕಡೆಯ ಬಾಗಿಲು ತೆರೆದ. ಫುಟ್‌ಪಾತಿನ ಮೇಲೆ ಒಬ್ಬ ಕೂತಿದ್ದ. ಮಿಲ್ಲಿನ ಕೆಲಸದವನ ಹಾಗಿದ್ದ. ಬಲಗೈಗೆ ಸುತ್ತಿದ್ದ ಪಂಚೆ ಕೆಂಪಾಗಿ ತೊಟ್ಟಿಕ್ಕುತ್ತಿತ್ತು. "ದಂಗೆ ಮಾಡುವವನು, ಬಿಡಿ ಸಾಬ್," ಎಂದ ಹವಾಲ್ದಾರ. "ಹಾಲು ತರಲು ಹೋಗಿದ್ದೆ," ಎಂದ ಅವನು ಮರಾಠಿಯಲ್ಲಿ. ಅವನ ಪಕ್ಕದಲ್ಲಿ ತಂಬಿಗೆಯೊಂದು ಉರುಳಿಬಿದ್ದಿತ್ತು.

ಸಂಜೀವ ಹ್ಯಾರಿಸನ ಕಡೆ ತಿರುಗಿದ. ಲಿಸ್ಬನ್ನಿಗೆ ಹೋಗು ಎಂದ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು. "ಟೇಕ್ ಹಿಮ್."

ಹ್ಯಾರಿಸ್ ಇಳಿದುಹೋಗಿ ಆ ಮನುಷ್ಯನ ರಟ್ಟೆ ಹಿಡಿದು ಎಬ್ಬಿಸಿದ. ಹವಾಲ್ದಾರನಿಗೆ ಹೇಳಿದ: "ಇವನು ನನ್ನ ಡ್ರೈವರ್."

ಹವಾಲ್ದಾರ ಆ ಪಂಚೆ ನೋಡಿದ. ಹ್ಯಾರಿಸ್ ಈಗಷ್ಟೇ ಇಳಿದುಬಂದ ಸ್ಟೀರಿಂಗ್ ನೋಡಿದ. ಮತ್ತೆ ಸಲಾಮು ಹೊಡೆದ.

ಹೆಸರು ಗಣಪತ್ ಎಂದ. ನನ್ನ ಪಕ್ಕದಲ್ಲಿ ಮುದುಡಿ ಕೂತ. ಸ್ವಲ್ಪ ದೂರ ಹೋದ ಮೇಲೆ ಸಂಜೀವ ಕತ್ತು ತಿರುಗಿಸದೆಯೇ, ಯಾರು ಹೊಡೆದರೆಂದು ಹಿಂದಿಯಲ್ಲಿ ಕೇಳಿದ: "ಕಿಸ್‌ನೇ ಮಾರಾ?"

"ಅಪ್ನೇ ಲೋಗ್," ನಮ್ಮವರೇ, ಎಂದ ಗಣಪತ್. "ಔರ್ ತುಮ್ಕೋ?"

"ಪೋರ್ಚುಗೀಸ್."

ಗಣಪತ್ ಆ ಕಾಲನ್ನು ಒಂದು ಗಳಿಗೆ ನೋಡಿದ. "ನಸೀಬ್‌ವಾಲೇ ಹೋ," ಎಂದ.

ಅದೃಷ್ಟವಂತ! ಪರದೇಶಿಯ ಗುಂಡು ತಿಂದದ್ದಕ್ಕೆ! ಅವನ ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಹೊಟ್ಟೆಕಿಚ್ಚು ಪಟ್ಟಿದ್ದ. ಸಂಜೀವ ಕಿಟಕಿಯ ಕಡೆ ಮುಖ ಮಾಡಿಕೊಂಡ.

ಇಬ್ಬರನ್ನೂ ಒಳಗೆ ಒಯ್ದ ಮೇಲೆ ಆಸ್ಪತ್ರೆಯ ವರಾಂಡದಲ್ಲಿ ನಾನೂ ಹ್ಯಾರಿಸನೂ ಉಳಿದೆವು. ನಾನು ಕೇಳಿಯೇಬಿಟ್ಟೆ. ಎಲ್ಲರೂ ಹೇಳುವ ಹಾಗೆ ಅಮೆರಿಕ ಸ್ವತಂತ್ರ ಜಗತ್ತಿನ ನಾಯಕ ಹೌದೋ ಅಲ್ಲವೋ?

ಅವನು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ. "ನಾಯಕ ಅಂದರೆ ಮುಂದೆ ನಡೆಯುವವನು ತಾನೇ? ನಾವು ಎಲ್ಲರಿಗಿಂತ ಎತ್ತರದಲ್ಲಿ ನಿಂತಿದ್ದೇವೆ, ಅದು ನಿಜ. ಮುಂದೆ ನಡೆದಿದ್ದೇವೋ ಇಲ್ಲವೋ ಹೇಳಲಾರೆ. ನನ್ನ ಊರು ನಮ್ಮ ದೇಶದ ದಕ್ಷಿಣ ರಾಜ್ಯಗಳ ಕಡೆಯ ಒಂದು ಪಟ್ಟಣ. ಅಲ್ಲಿ ಕರಿಯ ಬಣ್ಣದವರು ಬಸ್ಸಿನ ಹಿಂಭಾಗದಲ್ಲೇ ಕೂರಬೇಕು. ಸಂಜೀವನ ಬಣ್ಣದವನೊಬ್ಬ ನನ್ನ ಪಕ್ಕದಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದರೆ ಪೊಲೀಸಿನವನು ಅದಕ್ಕೇ ಕಾರು ನಿಲ್ಲಿಸುತ್ತಿದ್ದ. ಇಲ್ಲಿಯ ಪೊಲೀಸಿನವನು, ನಾನು ಕೂತಿದ್ದೇನೆಂದು, ಕಾರು ಬಿಟ್ಟ. ಇಬ್ಬರೂ ಒಬ್ಬನೇ ಪೊಲೀಸಿನವನು, ಗೆಳೆಯ."

(ರಷ್ಯ ಎಂದರೆ ಕಣ್ಣರಳಿಸುವ ಗೆಳೆಯರು ಈಗಲೇ ನಗಬೇಕಾಗಿಲ್ಲ. ಅಲ್ಲಿಯ ಮೆಕ್ಯಾನಿಕ್ಕೊಬ್ಬ ಪರದೇಶದವನ ಮುಂದೆ ಇಷ್ಟು ಮಾತಾಡಿದ್ದರೆ ಆಮೇಲೆ ಅವನನ್ನು ಎಲ್ಲಿ ಹುಡುಕುವುದು?)

ಚೂರು ತೆಗೆದರು. ಸಂಜೀವನ ಕಾಲು ಉಳಿಯಿತು. ಮಂಡಿ ಮಾತ್ರ ಇನ್ನು ಪೂರ್ತಿ ಮಡಿಸದು. ಗಣಪತನ ಎರಡು ಬೆರಳು ಹೋದವು. ಉಳಿದ ಒಳ್ಳೆಯ ಕೈಗೆ ಪೊಲೀಸರು ಬೇಡಿ ತೊಡಿಸಿ ಮಂಚಕ್ಕೆ ಬಿಗಿದರು. ಇಬ್ಬರ ಮಂಚವೂ ಅಕ್ಕಪಕ್ಕ.

ಗಲಾಟೆ ತಣ್ಣಗಾದ ಮೇಲೆ ಇನಾಮದಾರರು ಬಂದರು. ಹಾರ ಇತ್ತು, ಫೋಟೋಗ್ರಾಫರ್ ಇದ್ದ. "ಗೋವಾ ವೀರ ಹ್ಯಾಂಗಿದ್ದಾನ?" ಎನ್ನುತ್ತ ಹಾರ ಹಾಕಲು ಬಗ್ಗಿದರು.

"ಫೋಟೋ ಆಗಲಿ," ಎಂದ ಸಂಜೀವ. "ಆದರೆ ಈ ಪಕ್ಕದ ಮಂಚವೂ ಬರಬೇಕು. ಬೇಡಿ ಚೆನ್ನಾಗಿ ಕಾಣಬೇಕು."

"ಏ, ಅವಂದು ಬ್ಯಾರೆ ಕೇಸು."

"ನನಗೆ ಬೇರೆ ಕಾಣುವುದಿಲ್ಲ ಸ್ವಾಮೀ. ಗಾಯ ಒಂದೇ ಥರ ಉಂಟು."

ಫೋಟೋಗ್ರಾಫರ್ ಇನಾಮದಾರರ ಮುಖ ನೋಡಿದ. ಸಂಜೀವ ಗೋಡೆಯ ಕಡೆ ಮಗ್ಗುಲಾದ. ಹಾರವನ್ನು ಕೈಯಲ್ಲೇ ಹಿಡಿದುಕೊಂಡು ಇನಾಮದಾರರು ಹಿಂತಿರುಗಿದರು.

ಗಣಪತನ ಮೇಲೆ ಈಗ ಕೋರ್ಟಿನಲ್ಲಿ ದಂಗೆಯ ಕೇಸು ನಡೆದಿದೆ. ರಸ್ತೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಲು ಸಂಜೀವ ಹೋಗುವವನಿದ್ದಾನೆ. ನಾನೂ ಹೋಗುತ್ತೇನೆ (ಆಫೀಸಿನ ಮ್ಯಾನೇಜರು ಈ ಸಾಲು ಓದಿದ ಮೇಲೆ ರಜೆ ಕೊಡುತ್ತಾರೋ ನೋಡಬೇಕು). ಹ್ಯಾರಿಸ್ ತಾನೂ ಬರುತ್ತೇನೆ ಎಂದ. ಅವನು ಹಾಗೆಂದದ್ದು ಕಂಪನಿಗೆ ತಿಳಿಯಿತು. ಮೇಲಿನವರು ಕರೆಸಿ ಹೇಳಿದರಂತೆ: ಇಲ್ಲಿಯ ರಾಜಕೀಯ ನಿನಗೆ ಬೇಡ. ಅಂದಹಾಗೆ, ನಮ್ಮೂರ ಬಸ್ಸಿನ ಕತೆಯನ್ನೂ ಇಲ್ಲಿಯ ಜನಕ್ಕೆ ಹೇಳುತ್ತ ತಿರುಗಬೇಡ. ಅಮೆರಿಕದ ಹೆಸರು ಕೆಡುತ್ತದೆ.

ಸಂಜೀವನಿಗೂ ಇನಾಮದಾರರಿಂದ ಹಿತವಚನ ಬಂದಿದೆ. ಕೋರ್ಟಿಗೆ ಹೋಗಿ ನಮ್ಮ ಪೊಲೀಸರ ಮೇಲೆ ಹೇಳಬೇಡ. ಹೊರದೇಶದ ಪೇಪರಿನವರು ಕಾದಿದ್ದಾರೆ. ಭಾರತದ ಹೆಸರು ಕೆಡುತ್ತದೆ.

ಎರಡು ದೇಶ, ಎರಡು ಭಾಷೆ, ಸಲಹೆ ಮಾತ್ರ ಒಂದೇ. ಅಂದಿನಿಂದ ನನಗೆ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಬಲ್ಲವರು ಯಾರಾದರೂ ಹೇಳಿ: ಒಂದು ದೇಶದ ಹೆಸರು ಕೆಡುವುದು ಗುಂಡು ಹಾರಿಸಿದಾಗಲೋ, ಹಾರಿಸಿದರೆಂದು ಯಾರೋ ಬಾಯಿ ಬಿಟ್ಟಾಗಲೋ?