ಸೊಟ್ಟ ಕ್ಯಾರೆಟ್ ಹೋದ ದಾರಿ

ತರಕಾರಿ ಮಂಡಿಯಲ್ಲಿ ಅವಳನ್ನು ಎಲ್ಲರೂ ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಕ್ರೇಟಿನ ತಳದಲ್ಲಿ ಒಂದೇ ಒಂದು ಕಿತ್ತಳೆ ಕೊಳೆತಿದ್ದರೂ ಮೇಲಿನಿಂದಲೇ ಮೂಸಿ ಹೇಳಿಬಿಡುವಳು. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ: ನೆಟ್ಟಗಿರುವುದು ಅಂಗಡಿಗೆ, ಸೊಟ್ಟಗಿರುವುದು ತಿಪ್ಪೆಗೆ. ಎರಡು ಕಾಲಿನ ಕ್ಯಾರೆಟ್ಟು, ಮಚ್ಚೆ ಬಿದ್ದ ಸೇಬು; ರುಚಿಗೇನೂ ಕಮ್ಮಿಯಿಲ್ಲ. ಎಸೆಯಲು ಅವಳಿಗೆ ಮನಸ್ಸೇ ಬರುತ್ತಿರಲಿಲ್ಲ. ಯಾರಿಗೆ ಹೇಳುವುದು?

ಒಂದು ಬೆಳಿಗ್ಗೆ ಆಹಾರ ಬ್ಯಾಂಕಿನ ವ್ಯಾನ್ ಚಾಲಕ ಬಂದು, ಎಸೆಯುವುದನ್ನು ತಮಗೆ ಕೊಟ್ಟರೆ ಇಲ್ಲದವರಿಗೆ ಮುಟ್ಟಿಸುವುದಾಗಿ ಮಂಡಿಯ ಯಜಮಾನರಿಗೆ ಹೇಳಿದ. ಕೊಳೆತದ್ದು ಸೇರಿ ಹೋದರೆ ತಮ್ಮ ಹೆಸರು ಕೆಡುತ್ತದೆಂದು ಅವರು ರಾಗ ಎಳೆದರು.

ಮೂಗಿನಕ್ಕ ತಲೆಯೆತ್ತದೆ ಅಂದಳು: "ನಾನು ಆರಿಸಿ ಕೊಡ್ತೀನಿ ಬಿಡಿ ಯಜಮಾನ್ರೇ. ಒಂದು ಹಣ್ಣು ಕೆಟ್ಟು ಹೋದ್ರೂ ನನ್ನ ಕೇಳಿ."

ಅಂದಿನಿಂದ ಒಂದು ಗಂಟೆ ಮೊದಲೇ ಬಂದು ಆರಿಸತೊಡಗಿದಳು. ಏಳು ತಿಂಗಳಾದರೂ ಒಂದು ದೂರಿಲ್ಲ. ಅವಳ ಮೂಗಿಗೆ ವಿಮೆ ಮಾಡಿಸಬೇಕೆಂದು ಚಾಲಕ ನಗಿಸುತ್ತಿದ್ದ. ಕ್ರೇಟುಗಳು ಎಲ್ಲಿಗೆ ಹೋಗುತ್ತವೆಂದು ಮಾತ್ರ ಅವಳು ಕಂಡಿರಲಿಲ್ಲ.

ಒಂದು ರಜೆಯ ದಿನ ವ್ಯಾನ್ ಹತ್ತಿ ತಾನೂ ಹೊರಟಳು. ವ್ಯಾನ್ ನಿಂತದ್ದು ಆಸ್ಪತ್ರೆಯ ಹಿಂಬಾಗಿಲಲ್ಲಿ. ಒಳಗೆ ಉದ್ದನೆಯ ಮೇಜುಗಳ ಮೇಲೆ ಅವಳು ಆರಿಸಿದ ಹಣ್ಣು, ತರಕಾರಿ. ಇನ್ನೂರು ಜನ ಚೀಲ ಹಿಡಿದು ನಿಂತಿದ್ದರು, ಗದ್ದಲವಿಲ್ಲ. ಬಸುರಿಯರು, ಸಕ್ಕರೆ ಕಾಯಿಲೆಯವರು. ವೈದ್ಯರೇ ಔಷಧಿ ಚೀಟಿಯಲ್ಲಿ ಸೊಪ್ಪು, ಹಣ್ಣು ಎಂದು ಬರೆದು ಕಳಿಸಿದ್ದಾರೆಂದು ನರ್ಸಮ್ಮ ತಿಳಿಸಿದಳು. ಮಾತ್ರೆಯೊಂದೇ ಸಾಲದು, ತಟ್ಟೆಯೂ ತುಂಬಬೇಕಲ್ಲ.

ತರಕಾರಿ ಆರಿಸುವವಳು ಇವಳೇ ಎಂದು ನರ್ಸಮ್ಮ ಹೇಳಿದ್ದು ಒಬ್ಬ ಅಜ್ಜಿಯ ಕಿವಿಗೆ ಬಿತ್ತು. ಅಜ್ಜಿ ಮೊಮ್ಮಗಳನ್ನು ಮುಂದೆ ತಂದು ನಿಲ್ಲಿಸಿದಳು.

"ನೋಡವ್ವಾ, ಮೈಯಲ್ಲಿ ರಕ್ತಾನೇ ಇರಲಿಲ್ಲ ಇವಳಿಗೆ. ಮೆಟ್ಟಿಲು ಹತ್ತೋಕೆ ಎತ್ಕೋಬೇಕಿತ್ತು. ಈಗ ಮೂರನೇ ಮಹಡಿಗೆ ನನ್ನನ್ನೇ ಎಳ್ಕೊಂಡು ಹೋಗ್ತಾಳೆ."

ಹುಡುಗಿ ತೊಳೆದ ಕ್ಯಾರೆಟ್ಟನ್ನು ಕಟಕಟ ಕಡಿಯುತ್ತ ನಿಂತಿದ್ದಳು. ಮೂಗಿನಕ್ಕ ಆ ದೊಡ್ಡ ಕೋಣೆಯಲ್ಲಿ ಒಂದೊಂದೇ ಮುಖವನ್ನು ನೋಡುತ್ತ ಹೋದಳು.

"ಇಷ್ಟು ವರ್ಷ ನಾನು ಎಸೆದದ್ದು ಇದನ್ನಾ?" ಎಂದು ಕೊನೆಗೆ ಚಾಲಕನನ್ನು ಕೇಳಿದಳು.

ಮರುದಿನವೇ ಪಕ್ಕದ ಮಳಿಗೆಗಳಿಗೆ ಹೋಗಿ ಆರಿಸುವ ಹೆಂಗಸರನ್ನು ಕೂರಿಸಿಕೊಂಡು ಕಂಡದ್ದನ್ನು ಹೇಳಿದಳು. ಅವರು ತಮ್ಮ ಯಜಮಾನರ ಬೆನ್ನು ಬಿದ್ದರು. ವರ್ಷ ತುಂಬುವಷ್ಟರಲ್ಲಿ ಒಂಬತ್ತು ಮಳಿಗೆಗಳು ಕೂಡಿಕೊಂಡವು. ಶಾಲೆಯಲ್ಲಿ, ಗ್ರಂಥಾಲಯದಲ್ಲಿ ಕೂಡ ತರಕಾರಿ ಹಂಚುವ ಮೇಜು ಹಾಕಲಾಯಿತು.

ರಜೆಯ ದಿನ ಅವಳು ಈಗಲೂ ಹೋಗುತ್ತಾಳೆ. ಜನ ಚೀಲ ತುಂಬಿಕೊಳ್ಳುವುದನ್ನು ಸುಮ್ಮನೆ ಬಾಗಿಲ ಬಳಿ ನಿಂತು ನೋಡುತ್ತಾಳೆ, ಎಷ್ಟು ನೋಡಿದರೂ ಸಾಲದು ಎಂಬಂತೆ.