ಎರಡನೇ ಜವಳ

ಹೋದ ಭಾನುವಾರ ನನ್ನ ಏಳು ವರ್ಷದ ಮಗಳ ತಲೆ ಬೋಳಾಗಬೇಕಿತ್ತು. ನಾಶಿಕ್‌ನ ಗೋದಾವರಿ ದಂಡೆಯ ಕ್ಷೌರಿಕನಿಗೆ ಹೇಳಿಟ್ಟಿದ್ದೂ ಆಗಿತ್ತು.

ಹುಟ್ಟುಗೂದಲು ತೆಗೆಸುವ ಜವಳವನ್ನು ಯಾರಾದರೂ ಎರಡು ಸಲ ಮಾಡುತ್ತಾರೆಯೇ? ನಾವು ಮಾಡಹೊರಟಿದ್ದೆವು. "ಇನ್ನೊಮ್ಮೆ ಬೋಳಿಸವಾ, ಕೂದಲು ನೆಟ್ಟಗ ಬರ್ತಾವ" ಎಂದು ಧಾರವಾಡದಿಂದ ಅತ್ತೆ ಫೋನಿನಲ್ಲಿ ಹೇಳಿದ್ದರು. ನಾನೂ ಹೂಂ ಅಂದಿದ್ದೆ.

ಹೊಸ ಓದುಗರಿಗೊಂದು ಮಾತು. ಮೇಘಾಳನ್ನು ನಾವು ದತ್ತು ತಂದಾಗ ಅವಳಿಗೆ ಹತ್ತು ತಿಂಗಳು. ಹಳಿಯಾಳ ಕಡೆಯ ಸಿದ್ದಿ ಕೂಸು. ಎಂದೋ ಆಫ್ರಿಕಾದಿಂದ ಬಂದು ನಮ್ಮ ಕಾಡುಗಳಲ್ಲಿ ನೆಲೆಸಿದ, ನಮ್ಮಷ್ಟೇ ಕನ್ನಡನಾಡಿನವರಾದ ಜನ. (ಬಸ್ಸಿನಲ್ಲಿ ಯಾರಾದರೂ ಇವಳು ಆಫ್ರಿಕಾದವಳೇ ಎಂದು ಮರಾಠಿಯಲ್ಲಿ "ಆಫ್ರಿಕಾಚೀ ಕಾ?" ಎಂದರೆ ನಾನು "ನಾಹೀ, ಹಳಿಯಾಳಚೀ" ಎನ್ನುತ್ತೇನೆ. ಅವರು ಕಿಟಕಿಯಾಚೆ ನೋಡತೊಡಗುತ್ತಾರೆ.)

"ನಾವು ಬಣ್ಣ ನೋಡುವವರಲ್ಲ." ಇದು ನಮ್ಮ ಮನೆಯ ಹೆಮ್ಮೆ. ನನಗೆ ಇನ್ನೊಂದು ಹೆಮ್ಮೆಯೂ ಇದೆ. ಅಪ್ಪ ಹಮಾಲ, ಅವ್ವನದು ಹೆಬ್ಬೆಟ್ಟು, ನನ್ನದು ಬಿ.ಎಸ್ಸಿ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಇಷ್ಟು ಓದಿದವಳಿಗೆ ಒಂದು ತಲೆ ಬಾಚಲು ಬರುವುದಿಲ್ಲವೇ?

ಬರಲಿಲ್ಲ. ಪ್ರತಿ ಭಾನುವಾರ ಒಣಗೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಬುಡದಿಂದ ಎಳೆಯುತ್ತಿದ್ದೆ. ಅವಳು ಕಿರುಚುವುದು, ನಾನು ಗದರುವುದು, ಬಾಚಣಿಗೆಯ ಹಲ್ಲು ಮುರಿಯುವುದು. ಶಾಲೆಯಲ್ಲಿ ಹುಡುಗರು ಅವಳಿಗಿಟ್ಟ ಹೆಸರು "ಘರಟೆ". ಅಂದರೆ ಹಕ್ಕಿಗೂಡು.

ಶನಿವಾರ ಎಣ್ಣೆ ಹಚ್ಚುವಾಗ ಮೇಘಾ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದಳು: "ಅವ್ವಾ, ಬೋಳಿಸಿದ ಮ್ಯಾಲ ನಾ ನಿನ್ನಂಗ ಆಗ್ತೇನಿ ಕಾ? ಬೆಳ್ಳಗೂ?"

ಎಣ್ಣೆ ಬಟ್ಟಲು ಕೆಳಗಿಟ್ಟೆ. ಬಣ್ಣ ನೋಡದ ಮನೆಯಲ್ಲಿ ಈ ಪ್ರಶ್ನೆ ಎಲ್ಲಿಂದ ಬಂತು? ನಾವು ನೋಡದೆ ಬಿಟ್ಟದ್ದನ್ನು ಅವಳು ದಿನಾ ಕನ್ನಡಿಯಲ್ಲಿ ಒಬ್ಬಳೇ ನೋಡುತ್ತಿದ್ದಳು.

ನನ್ನ ಗಂಡ ನಾಶಿಕ್ ಪಕ್ಕದ, ನಾವಿರುವ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಆ ಸಂಜೆ ಮಗಳ ಪ್ರಶ್ನೆ ತಿಳಿಸಿದಾಗ ಚಹಾ ಕುಡಿಯುತ್ತಾ ಹೇಳಿದರು: "ದಿಂಡೋರಿ ರಸ್ತಿದಾಗ ಕಟ್ಟಡದ ಕೆಲಸಕ್ಕ ಹಳಿಯಾಳದ ಸಿದ್ದಿ ಮಂದಿ ಬಂದಾರ."

"ಯಾವಾಗ ಬಂದಾರ?"

"ಎರಡು ತಿಂಗಳಾತು."

"ಮತ್ತ ನನಗ್ಯಾಕ ಹೇಳಲಿಲ್ರಿ?"

"ನೀ ಎಲ್ಲಿ ಕೇಳಿದಿ?" (ಗಂಡಂದಿರು!)

ಭಾನುವಾರ ಬೆಳಗ್ಗೆ ನದಿಯ ದಾರಿ ಬಿಟ್ಟು ಅಲ್ಲಿಗೆ ಹೋದೆವು. ತಗಡಿನ ಶೆಡ್ಡಿನ ಮುಂದೆ ಜುಲಿಯಾನಾ ಎಂಬ ನಡುವಯಸ್ಸಿನ ಹೆಂಗಸು ಬಟ್ಟೆ ಒಣಹಾಕುತ್ತಿದ್ದರು. ಎಲ್ಲವನ್ನೂ ಹೇಳಿ ನನ್ನ ಬಾಚಣಿಗೆ ತೋರಿಸಿದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೇನು ತಗೀಲಿಕ್ಕ ಛಲೋ ಐತ್ರಿ, ಬಾಯಾರ."

ಮೇಘಾಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡರು. ಮೊದಲು ತಲೆ ಒದ್ದೆ ಮಾಡಿದರು. ಆಮೇಲೆ ಅಂಗೈಯಲ್ಲಿ ಎಣ್ಣೆ. ಬೆರಳುಗಳಿಂದಲೇ ಕೂದಲ ತುದಿಯಿಂದ ಬುಡದ ಕಡೆಗೆ ಒಂದೊಂದೇ ಸಿಕ್ಕು ಬಿಡಿಸಿದರು. ಪಾಲು ಪಾಲು ಮಾಡಿ ನೆತ್ತಿಗೆ ಒತ್ತಿ ಹೆಣೆದರು. ಪೂರ್ತಿ ಒಂದು ತಾಸು. ಮೇಘಾ ಒಮ್ಮೆಯೂ ಅಳಲಿಲ್ಲ. ಹೆಣೆದು ಮುಗಿಯುತ್ತಲೇ ತಿರುಗಿ ಜುಲಿಯಾನಾರ ಕೂದಲು ಮುಟ್ಟಿ ನೋಡಿದಳು.

"ಅವ್ವಾ, ಬಘ್, ನೋಡ! ಇವರ ಕೂದಲಾ ನನ್ನಂಗ!"

"ನಿನ್ನವು ನನ್ನವಕ್ಕಿಂತ ದಪ್ಪ ಅದಾವ ಬಿಡವಾ" ಎಂದು ಜುಲಿಯಾನಾ ನಕ್ಕರು. ನಂತರ ನನ್ನ ಕಡೆ ತಿರುಗಿ, "ಇದನ್ನ ಬೋಳಿಸಾಕ ಹೊಂಟಿದ್ರೇನ್ರಿ? ಓದಿದವರು ನೀವು. ನಮ್ಮವರನ್ನ ಒಂದು ಮಾತು ಕೇಳಾಕ ಆರು ವರ್ಷ ಬೇಕಾತ?"

ಯಾವ ಪರೀಕ್ಷೆಯಲ್ಲೂ ಫೇಲಾಗದವಳು ಅಲ್ಲಿ ಫೇಲಾದೆ. ಆದರೆ ನಿಜ ಹೇಳಲೇ? ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಕ್ಷೌರಿಕನಿಗೆ ಅಲ್ಲಿಂದಲೇ ಫೋನ್ ಮಾಡಿ ಬರುವುದಿಲ್ಲವೆಂದೆ. ಮುಂದಿನ ಭಾನುವಾರ ನಾನು ಹೆಣೆಯಬೇಕು, ಅವರು ನೋಡುತ್ತಾರೆ. ಪ್ರ್ಯಾಕ್ಟಿಕಲ್ಸ್!

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಮುದುಕಿ ಹೊಸ ಜಡೆಗಳನ್ನೇ ನೋಡುತ್ತಾ ಕೇಳಿದಳು: "ಆಫ್ರಿಕಾಚೀ ಕಾ ಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಘಾ, "ನಾಹೀ ಆಜೀ, ಹಳಿಯಾಳಚೀ. ಆಣಿ ಓಝರಚೀ" ಎಂದಳು. ಹಳಿಯಾಳದವಳು, ಓಝರ್‌ನವಳೂ ಹೌದು. ಹೇಳಿ ಜಡೆಗಳನ್ನೊಮ್ಮೆ ಕುಣಿಸಿದಳು.

ಆರು ವರ್ಷ ಅವಳ ತಲೆಯಲ್ಲೇ ತಪ್ಪು ಹುಡುಕಿದೆ; ತಪ್ಪಿದ್ದದ್ದು ನನ್ನ ಬಾಚಣಿಗೆಯಲ್ಲಿ. ನಿಮ್ಮ ಮನೆಯ ಬಾಚಣಿಗೆ ಯಾರ ತಲೆ ನೋಡಿ ಮಾಡಿದ್ದು?